ಮಡಕೆಯ ಸಂತೆಗಳು



ಸಂತೆಯಲ್ಲಿ ಗಡಿಗೆ ಕೊಳ್ಳುವ ಹೆಂಗಸರನ್ನು ನಾವೆಲ್ಲರೂ ನೋಡಿದ್ದೇವೆ. ಅವರು ಗಡಿಗೆಯನ್ನು ಎಡ ಅಂಗೈಯ ಮೇಲೆ ಎತ್ತಿ ಹಿಡಿದು ಬಲಗೈಯ ಬೆರಳ ಗೆಣ್ಣಿನಿಂದ ಅದರ ಹೊಟ್ಟೆಯನ್ನು ತಟ್ಟುತ್ತಾರೆ. ಠಣ್ಣೆಂದು ನಾದ ಬಂದಿತೋ, ಮಡಕೆ ಹದವಾಗಿ ಬೆಂದಿದೆ. ಬದ್ದೆಂದು ಮಂಕಾದ ಸದ್ದು ಬಂದಿತೋ, ಕಣ್ಣಿಗೆ ಕಾಣದ ಬಿರುಕೊಂದು ಎಲ್ಲಿಯೋ ಅಡಗಿದೆ. ಎದುರಿಗೆ ಕುಳಿತ ಕುಂಬಾರನು ಈ ಪರೀಕ್ಷೆಯನ್ನು ಬೇಸರಿಸದೆ ನೋಡುತ್ತಿರುತ್ತಾನೆ. ತನ್ನ ಆವಿಗೆಯ ಬೆಂಕಿ ಎಲ್ಲಿ ಹೆಚ್ಚಾಯಿತು, ಎಲ್ಲಿ ಕಡಮೆಯಾಯಿತು ಎಂಬುದನ್ನು ಅವನಿಗೆ ತಿಳಿಸಿಕೊಡುವ ಗುರುಗಳಲ್ಲಿ ಆ ಬೆರಳ ಗೆಣ್ಣೂ ಒಂದು.

ಈ ಹೊತ್ತಿನ ನಮ್ಮ ವಿಷಯ ಮಡಕೆಯ ಸಂತೆಗಳು. ಸಂತೆಯೆಂದರೆ ಮಾರಾಟದ ಸ್ಥಳವೆಂದು ಸಾಮಾನ್ಯವಾದ ಭಾವನೆ. ಅದು ಸುಳ್ಳಲ್ಲ. ಆದರೆ ಮಡಕೆಯ ಸಂತೆ ಕುಂಬಾರನಿಗೆ ಪಾಠಶಾಲೆಯೂ ಹೌದು. ಕೊಳ್ಳಲು ಬರುವವರೇ ಅಲ್ಲಿಯ ಉಪಾಧ್ಯಾಯರು. ಆ ಉಪಾಧ್ಯಾಯರು ಬರುವುದನ್ನು ನಿಲ್ಲಿಸಿದ ಕಡೆಗಳಲ್ಲಿ ಕಸಬು ಕುಗ್ಗಿದೆ. ಅವರು ಮರಳಿ ಬಂದ ಕಡೆಗಳಲ್ಲಿ ಚಿಗುರಿದೆ. ಇದಕ್ಕೆ ಜಪಾನಿನಿಂದ ಎರಡು ನಿದರ್ಶನಗಳನ್ನೂ ಇಟಲಿಯಿಂದ ಒಂದನ್ನೂ ಕೊಟ್ಟು, ಅನಂತರ ನಮ್ಮ ದೇಶದ ಮಾತಿಗೆ ಬರುತ್ತೇವೆ.

ಜಪಾನಿನ ದಕ್ಷಿಣಕ್ಕಿರುವ ಕ್ಯೂಷೂ ದ್ವೀಪದಲ್ಲಿ ಅರಿತಾ ಎಂಬುದೊಂದು ಸಣ್ಣ ಊರು. ೧೫೯೨ರಿಂದ ೧೫೯೮ರವರೆಗೆ ಜಪಾನಿನ ಅಧಿಪತಿಯಾದ ಹಿದೆಯೋಷಿಯು ಕೊರಿಯಾದ ಮೇಲೆ ಎರಡು ಸಲ ದಂಡನ್ನು ಕಳುಹಿಸಿದನು. ಹಿಂದಿರುಗಿದ ಸರದಾರರು ಅಲ್ಲಿಯ ಕುಂಬಾರರನೇಕರನ್ನು ತಮ್ಮೊಡನೆ ತಂದರು. ಅವರಲ್ಲಿ ಬಹುಮಂದಿ ತಾವಾಗಿ ಬಂದವರಲ್ಲ. ಯಿ ಸಾಮ್‌ಪ್ಯೊಂಗ್ ಎಂಬ ಅಂಥ ಒಬ್ಬ ಕುಂಬಾರನು ಅರಿತಾದ ಬಳಿಯ ಇಜುಮಿಯಾಮಾ ಗುಡ್ಡದಲ್ಲಿ ಪಿಂಗಾಣಿಗೆ ತಕ್ಕ ಬಿಳಿಯ ಕಲ್ಲನ್ನು ಕಂಡುಹಿಡಿದನೆಂದೂ, ೧೬೧೬ರಲ್ಲಿ ಜಪಾನಿನ ಮೊತ್ತಮೊದಲ ಪಿಂಗಾಣಿ ಅಲ್ಲಿ ಬೆಂದಿತೆಂದೂ ಆ ಊರಿನವರ ಪರಂಪರೆ ಹೇಳುತ್ತದೆ. ಆ ಶತಮಾನದ ನಡುವಿನಿಂದ ಡಚ್ಚರ ಹಡಗುಗಳು ಈ ಪಿಂಗಾಣಿಯನ್ನು ಯೂರೋಪಿನ ಅರಮನೆಗಳಿಗೆ ಹೊತ್ತುಕೊಂಡು ಹೋದುವು. ಊರಿನ ದೇವಾಲಯದ ಮುಂದಿನ ತೋರಣದ್ವಾರವೂ ಪಿಂಗಾಣಿಯದೇ. ಅದನ್ನು ನಿಲ್ಲಿಸಿದುದು ೧೮೮೮ರಲ್ಲಿ.

ಹೀಗೆ ಅರಸರ ಊಟದ ಮೇಜಿಗೆ ಹೋಗುತ್ತಿದ್ದ ಸಾಮಾನು ಸಾಮಾನ್ಯರ ಕೈಗೆ ಬರುವಂತಾದುದು ಸಂತೆಯಿಂದ. ೧೮೯೬ರಲ್ಲಿ ಅರಿತಾದವರು ತಮ್ಮ ತಮ್ಮಲ್ಲಿ ಯಾರ ಕೆಲಸ ಉತ್ತಮವೆಂದು ತೂಗಿ ನೋಡಲು ಒಂದು ಸ್ಪರ್ಧಾಪ್ರದರ್ಶನವನ್ನು ಏರ್ಪಡಿಸಿದರು. ಕ್ರಮೇಣ ಅದರ ಜೊತೆಗೆ ಇನ್ನೊಂದು ವಾಡಿಕೆ ಬೆಳೆಯಿತು. ವರ್ತಕರು ತಮ್ಮ ಉಗ್ರಾಣಗಳಲ್ಲಿ ಉಳಿದುಹೋದ ಒಂಟಿ ಬಟ್ಟಲುಗಳು, ಮುಚ್ಚಳ ಕಳೆದುಕೊಂಡ ಭರಣಿಗಳು, ಬಣ್ಣ ತುಸು ಹರಡಿದ ತಟ್ಟೆಗಳು ಇವನ್ನೆಲ್ಲ ಬೀದಿಗೆ ತಂದು ಅಗ್ಗದ ಬೆಲೆಗೆ ಮಾರತೊಡಗಿದರು. ಸ್ಪರ್ಧೆಯನ್ನು ನೋಡಲು ಬಂದವರು ಕೆಲವರು. ಬೀದಿಯ ಸರಕಿಗೆ ಬಂದವರು ಸಾವಿರಾರು. ಇಂದು ಪ್ರತಿ ವರುಷ ಏಪ್ರಿಲ್ ೨೯ರಿಂದ ಮೇ ೫ರವರೆಗೆ ನಡೆಯುವ ಈ ಸಂತೆಯಲ್ಲಿ ಅಂಗಡಿಗಳ ಸಾಲು ಸುಮಾರು ನಾಲ್ಕು ಕಿಲೋಮೀಟರುಗಳವರೆಗೆ ಹಬ್ಬುತ್ತದೆ. ಅರಮನೆಯ ತಟ್ಟೆಯನ್ನು ಮಾಡಿದ ಕೈಯೇ ಮಾಡಿದ, ಒಂದಿಷ್ಟು ಸೊಟ್ಟಗಾದ ತಟ್ಟೆಯನ್ನು ರೈತನ ಮನೆಯ ಗೃಹಿಣಿ ಚೌಕಾಸಿ ಮಾಡಿ ಕೊಂಡುಹೋಗಬಹುದು. ದೋಷವಿದ್ದ ಸರಕಿನಿಂದ ಹುಟ್ಟಿದ ಸಂತೆಯೊಂದು ನಿರ್ದೋಷವಾದ ಸರಕನ್ನು ಮಾಡುವವರಿಗೂ ಅನ್ನ ಕೊಡುತ್ತಿದೆ.

ಎರಡನೆಯ ಊರು ಮಾಷಿಕೋ. ಇದು ಟೋಕಿಯೋ ನಗರಕ್ಕೆ ಉತ್ತರದಲ್ಲಿ ಸುಮಾರು ನೂರು ಕಿಲೋಮೀಟರು ದೂರದಲ್ಲಿದೆ. ಇಲ್ಲಿ ಅರಸರ ಕಥೆಯಿಲ್ಲ. ೧೮೫೩ರಲ್ಲಿ ಓತ್ಸುಕಾ ಕೆಯಿಸಾಬುರೋ ಎಂಬವನು ಇಲ್ಲಿಯ ಮಣ್ಣನ್ನು ನೋಡಿ ಕುಂಬಾರಿಕೆಯನ್ನು ಪ್ರಾರಂಭಿಸಿದನು. ಮಣ್ಣು ಒರಟು, ಮರಳು ಬೆರೆತದ್ದು. ಪಿಂಗಾಣಿಯ ನಯ ಅದಕ್ಕೆ ಬಾರದು. ನೀರಿನ ಹರವಿ, ಉಪ್ಪಿನ ಭರಣಿ, ಅರೆಯುವ ಬೋಗುಣಿ, ಚಹದ ಗಿಂಡಿ ಇವನ್ನು ಮಾಡಿ ಟೋಕಿಯೋ ನಗರದ ಅಡುಗೆಮನೆಗಳಿಗೆ ಕಳುಹಿಸುತ್ತಿದ್ದರು. ಆ ಗಿಂಡಿಗಳ ಮೇಲೆ ಬೆಟ್ಟ, ಹೊಳೆ, ದೋಣಿಗಳ ಚಿತ್ರವನ್ನು ಬರೆಯುವುದೇ ಕಸಬಾಗಿದ್ದ ಮಿನಾಗಾವಾ ಮಾಸು ಎಂಬ ಹೆಂಗಸೊಬ್ಬಳಿದ್ದಳು. ಆಕೆ ದಿನವೊಂದಕ್ಕೆ ನೂರಾರು ಗಿಂಡಿಗಳಿಗೆ ಕುಂಚವಾಡಿಸುತ್ತಿದ್ದಳು. ತಾನೊಬ್ಬ ಕಲಾವಿದೆಯೆಂದು ಆಕೆ ಬಗೆದಿರಲಿಲ್ಲ, ಜೀವನಕ್ಕಾಗಿ ಬರೆಯುತ್ತಿದ್ದಳು. ಅದೇ ಚಿತ್ರವನ್ನು ಲಕ್ಷಗಟ್ಟಲೆ ಸಲ ಬರೆದ ಕೈಗೆ ಬರುವ ಸರಾಗವು ಒಂದೊಂದೇ ಚಿತ್ರವನ್ನು ಯೋಚಿಸಿ ಬರೆಯುವವರಿಗೆ ದುರ್ಲಭ.

ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ನಗರದ ಅಡುಗೆಮನೆ ಬದಲಾಯಿತು. ಲೋಹದ ಪಾತ್ರೆಗಳು ಬಂದುವು. ಅನಿಲದ ಒಲೆ ಬಂದಿತು. ನಲ್ಲಿಯ ನೀರು ಬಂದ ಮೇಲೆ ಹರವಿ ಯಾರಿಗೂ ಬೇಡವಾಯಿತು. ಮಾಷಿಕೋವಿನ ಆವಿಗೆಗಳು ಒಂದೊಂದಾಗಿ ತಣ್ಣಗಾಗುವ ಕಾಲ ಸಮೀಪಿಸಿತು. ಆ ಸಮಯಕ್ಕೆ ಅಲ್ಲಿಗೆ ಬಂದವರು ಹಮಾದಾ ಷೋಜಿಯವರು. ಇವರು ೧೯೨೦ರಲ್ಲಿ ಬರ್ನಾರ್ಡ್ ಲೀಚ್ ಎಂಬ ಆಂಗ್ಲ ಕುಂಬಾರರೊಡನೆ ಇಂಗ್ಲೆಂಡಿಗೆ ಹೋಗಿ ಸೇಂಟ್ ಐವ್ಸ್ ಎಂಬ ಸಮುದ್ರತೀರದ ಊರಿನಲ್ಲಿ ಆವಿಗೆ ಕಟ್ಟಿದವರು. ೧೯೨೪ರಲ್ಲಿ ಸ್ವದೇಶಕ್ಕೆ ಮರಳಿ, ರಾಜಧಾನಿಯನ್ನು ಬಿಟ್ಟು ಈ ಹಳ್ಳಿಯನ್ನು ಆರಿಸಿಕೊಂಡರು. ಯಾನಾಗಿ ಸೋಯೆತ್ಸು ಎಂಬ ತತ್ತ್ವಜ್ಞರೂ ಇವರೂ ಇನ್ನು ಕೆಲವು ಮಿತ್ರರೂ ಸೇರಿ, ಹೆಸರಿಲ್ಲದ ಕುಶಲಿಗಳು ನಿತ್ಯೋಪಯೋಗಕ್ಕೆಂದು ಮಾಡಿದ ವಸ್ತುಗಳಲ್ಲಿಯೇ ನಿಜವಾದ ಚೆಲುವಿದೆಯೆಂದು ಸಾರಿದರು. ಅದಕ್ಕೆ ಅವರು ಇಟ್ಟ ಹೆಸರು 'ಮಿಂಗೆಯಿ'. ಜನತೆಯ ಕಲೆ ಎಂದು ಅದರ ಅರ್ಥ. ಹಮಾದಾರವರು ಮಾಷಿಕೋವಿನ ಒರಟು ಮಣ್ಣನ್ನೇ, ಅಲ್ಲಿಯ ಕಲ್ಲು ಮತ್ತು ಬೂದಿಯ ಮೆರುಗನ್ನೇ ಬಳಸಿದರು. ತಮ್ಮ ಮಡಕೆಗಳ ಮೇಲೆ ಹೆಸರನ್ನು ಬರೆಯುತ್ತಿರಲಿಲ್ಲ. ೧೯೫೫ರಲ್ಲಿ ಜಪಾನಿನ ಸರ್ಕಾರವು ಅವರಿಗೆ ಜೀವಂತ ರಾಷ್ಟ್ರನಿಧಿಯೆಂಬ ಗೌರವವನ್ನು ಕೊಟ್ಟಿತು. ೧೯೭೮ರಲ್ಲಿ ಅವರು ತೀರಿಕೊಂಡರು.

ಅವರ ವಿಚಾರವಾಗಿ ಒಂದು ಪ್ರಸಿದ್ಧವಾದ ಮಾತಿದೆ. ದೊಡ್ಡ ತಟ್ಟೆಯ ಮೇಲೆ ಸೌಟಿನಿಂದ ಮೆರುಗನ್ನು ಎರಚಿ ಅವರು ಚಿತ್ರ ಮೂಡಿಸುತ್ತಿದ್ದುದು ಹದಿನೈದು ಸೆಕೆಂಡುಗಳ ಕೆಲಸ. ಇಷ್ಟು ಅಲ್ಪಕಾಲದ ಕೆಲಸಕ್ಕೆ ಇಷ್ಟು ಬೆಲೆಯೇಕೆಂದು ಯಾರೋ ಕೇಳಿದಾಗ, ಆ ಹದಿನೈದು ಸೆಕೆಂಡುಗಳ ಜೊತೆಗೆ ಅರುವತ್ತು ವರುಷಗಳನ್ನೂ ಕೂಡಿಸಿಕೊಳ್ಳಬೇಕೆಂದು ಅವರು ಹೇಳಿದರಂತೆ. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ ಎಂಬ ಗಾದೆ ನಮ್ಮ ನಾಡಿನಲ್ಲಿದೆ. ಮಾಡುವುದಕ್ಕೆ ಹಿಡಿಯುವ ಕಾಲವನ್ನೂ ಒಡೆಯುವುದಕ್ಕೆ ಸಾಕಾಗುವ ಕಾಲವನ್ನೂ ನಮ್ಮ ಹಿರಿಯರು ಎದುರೆದುರಿಗಿಟ್ಟು ತೂಗಿದರು. ಕಲಿಯುವುದಕ್ಕೆ ಹಿಡಿದ ಕಾಲವೂ ಆ ವರುಷದಲ್ಲಿ ಸೇರಿದೆಯೆಂದು ಹಮಾದಾರವರ ಉತ್ತರದಿಂದ ನಾವು ತಿಳಿಯಬಹುದು.

ಒಬ್ಬ ಮಹಾಪುರುಷನ ಕೀರ್ತಿಯೊಂದರಿಂದಲೇ ಊರು ಬದುಕಲಾರದು. ೧೯೬೬ರಲ್ಲಿ ಮಾಷಿಕೋವಿನವರು ಮಡಕೆಯ ಸಂತೆಯನ್ನು ಪ್ರಾರಂಭಿಸಿದರು. ಅಂದಿನಿಂದ ವಸಂತದಲ್ಲಿ ಒಮ್ಮೆ, ಶರತ್ಕಾಲದಲ್ಲಿ ಒಮ್ಮೆ, ಹೀಗೆ ವರುಷಕ್ಕೆರಡು ಸಲ ಅದು ಸೇರುತ್ತದೆ. ಊರಿನ ಅಂಗಡಿಗಳಲ್ಲದೆ ಐದುನೂರರಷ್ಟು ಡೇರೆಗಳು ಬೀಳುತ್ತವೆ. ಡೇರೆಯೊಳಗೆ ಕುಳಿತಿರುವವರು ದಲ್ಲಾಳಿಗಳಲ್ಲ. ಬಹುಮಟ್ಟಿಗೆ ಮಡಕೆ ಮಾಡಿದವರೇ. ಕುಂಬಾರರ ಮನೆತನದಲ್ಲಿ ಹುಟ್ಟದ ಎಷ್ಟೋ ಮಂದಿ ತರುಣ ತರುಣಿಯರು ಈ ಊರಿಗೆ ಬಂದು ಕೆಲಸ ಕಲಿತು ಆವಿಗೆ ಹೂಡಿದ್ದಾರೆ. ಅಂಥ ಹೊಸಬನಿಗೆ ಈ ಸಂತೆಯೇ ಮೊದಲನೆಯ ಪರೀಕ್ಷೆ. ಅವನ ಬಟ್ಟಲನ್ನು ನೂರು ಮಂದಿ ಎತ್ತಿ ನೋಡಿ ನೂರು ಮಂದಿಯೂ ಕೆಳಗಿಟ್ಟರೆ, ಅದು ಅಂದಕ್ಕೆ ತಕ್ಕ ಹಗುರವಾಗಿಲ್ಲವೆಂದು ಅವನಿಗೆ ಯಾರೂ ಬಾಯಿ ಬಿಟ್ಟು ಹೇಳಬೇಕಾಗಿಲ್ಲ. ಮುಂದಿನ ಶರತ್ಕಾಲಕ್ಕೆ ಅವನು ತಿಗರಿಯ ಮೇಲೆ ಇನ್ನಷ್ಟು ತೆಳ್ಳಗೆ ಎಳೆಯುತ್ತಾನೆ.

ಈ ಸಂಬಂಧದ ಬೆಲೆ ಎರಡು ವಿಪತ್ತುಗಳಲ್ಲಿ ಗೊತ್ತಾಯಿತು. ೨೦೧೧ರ ಮಾರ್ಚ್ ೧೧ರ ಮಹಾಭೂಕಂಪದಲ್ಲಿ ಮಾಷಿಕೋವಿನ ಆವಿಗೆಗಳನೇಕವು ಕುಸಿದುವು. ಹಮಾದಾರವರ ಮನೆಯಂಗಳದಲ್ಲಿ, ಇಳಿಜಾರಿನಲ್ಲಿ ಮೆಟ್ಟಿಲುಮೆಟ್ಟಿಲಾಗಿ ಕಟ್ಟಿದ್ದ ದೊಡ್ಡ ಆವಿಗೆಯೂ ಹಾಳಾಯಿತು. ಅದನ್ನು ದುರಸ್ತಿಮಾಡಿ, ೨೦೧೫ರಲ್ಲಿ ಊರಿನ ಕುಂಬಾರರು ಹಲವರು ಸೇರಿ ತಮ್ಮ ತಮ್ಮ ಮಡಕೆಗಳನ್ನು ಒಟ್ಟಿಗೆ ತುಂಬಿ ಅದಕ್ಕೆ ಮತ್ತೆ ಬೆಂಕಿಯಿಟ್ಟರು. ೨೦೨೦ರ ವಸಂತದಲ್ಲಿ ಬಂದ ವಿಪತ್ತು ಬೇರೆ ತೆರನಾದುದು. ಲೋಕವನ್ನೆಲ್ಲ ವ್ಯಾಪಿಸಿದ ಸೋಂಕಿನಿಂದಾಗಿ ಆ ವಸಂತದಲ್ಲಿ ಮಾಷಿಕೋ, ಅರಿತಾ ಎರಡು ಊರುಗಳಲ್ಲಿಯೂ ಬೀದಿಯ ಸಂತೆ ನಿಂತಿತು. ಅಂತರ್ಜಾಲದ ಮೂಲಕ ಮಾರಾಟವನ್ನು ಏರ್ಪಡಿಸಿದರು. ಚಿತ್ರ ನೋಡಿ ಕೊಂಡವರ ಹಣದಿಂದ ಕುಂಬಾರರ ಮನೆಯ ಒಲೆ ಉರಿಯಿತು. ಇದು ದೊಡ್ಡ ಉಪಕಾರವೇ. ಆದರೆ ಚಿತ್ರಕ್ಕೆ ತೂಕವಿಲ್ಲ, ಅದನ್ನು ತಟ್ಟಿದರೆ ನಾದವಿಲ್ಲ. ಆದುದರಿಂದಲೇ ಬಾಗಿಲು ತೆರೆದೊಡನೆ ಜನರು ಮತ್ತೆ ಬೀದಿಗೆ ಬಂದರು.

ಈಗ ಇಟಲಿಯ ಕಡೆಗೆ ತಿರುಗೋಣ. ಜಪಾನಿನ ಎರಡು ಊರುಗಳಲ್ಲಿ ನಾವು ಕಂಡದ್ದು ಬಳಸುವ ಮಡಕೆ. ಇಂದಿನ ಯುಗದಲ್ಲಿ ಮಣ್ಣಿನ ಕೆಲಸವು ಇನ್ನೊಂದು ದಾರಿಯನ್ನೂ ಹಿಡಿದಿದೆ. ಬಳಕೆಗಲ್ಲದೆ ನೋಟಕ್ಕಾಗಿ, ವಿಚಾರಕ್ಕಾಗಿ ಮಣ್ಣನ್ನು ಸುಡುವ ಕಲಾವಿದರಿದ್ದಾರೆ. ಈ ಎರಡು ದಾರಿಗಳೂ ಒಂದೇ ಊರಿನಲ್ಲಿ ಸೇರುವುದನ್ನು ನೋಡಬೇಕಾದರೆ ಫಾಯೆನ್ಜಾ ನಗರಕ್ಕೆ ಹೋಗಬೇಕು. ಬಿಳಿಯ ಮೆರುಗು ಕೊಟ್ಟು ಬಣ್ಣದ ಚಿತ್ರ ಬರೆದ ಮಣ್ಣಿನ ಪಾತ್ರೆಗಳಿಗೆ ಯೂರೋಪಿನಲ್ಲಿ ಫಾಯೆನ್ಸ್ ಎಂಬ ಹೆಸರು ಬಂದದ್ದು ಈ ಊರಿನ ಹೆಸರಿನಿಂದಲೇ. ೧೯೦೮ರಲ್ಲಿ ಗಯೆತಾನೋ ಬಲ್ಲಾರ್ದೀನಿಯವರು ಇಲ್ಲಿ ಎಲ್ಲ ದೇಶಗಳ ಮಡಕೆಗಳಿಗೂ ಒಂದು ವಸ್ತುಸಂಗ್ರಹಾಲಯವನ್ನು ಸ್ಥಾಪಿಸಿದರು. ೧೯೩೮ರಿಂದ ಕಲಾವಿದರ ಸ್ಪರ್ಧೆಯೂ ನಡೆಯತೊಡಗಿತು. ೧೯೪೪ರ ಬಾಂಬುದಾಳಿಯಲ್ಲಿ ಸಂಗ್ರಹಾಲಯವೂ ಅದರಲ್ಲಿದ್ದ ವಸ್ತುಗಳಲ್ಲಿ ಬಹುಭಾಗವೂ ಚೂರುಚೂರಾದುವು. ದೊಣ್ಣೆಗೆ ನಿಮಿಷವೆಂಬ ಮಾತು ಇಷ್ಟು ಭಯಂಕರವಾಗಿ ನಿಜವಾದುದು ಅಪೂರ್ವ. ಬಲ್ಲಾರ್ದೀನಿಯವರು ಎದೆಗೆಡದೆ ಮತ್ತೆ ಕೂಡಿಸಲು ಕುಳಿತರು. ದೇಶದೇಶಗಳಿಂದ ಮಡಕೆಗಳು ಕಾಣಿಕೆಯಾಗಿ ಬಂದುವು. ಪಿಕಾಸೋ ಎಂಬ ಜಗತ್ಪ್ರಸಿದ್ಧ ಚಿತ್ರಕಾರರೂ ತಾವು ಮಾಡಿದವನ್ನು ಕಳುಹಿಸಿದರು.

ಸಂಗ್ರಹಾಲಯದಲ್ಲಿ ಮಡಕೆ ಗಾಜಿನ ಒಳಗೆ ಇರುತ್ತದೆ. ನಾವು ಹೊರಗೆ ಇರುತ್ತೇವೆ. ಅದು ತಪ್ಪೆಂದು ನಾವು ಹೇಳಲಾರೆವು. ಐದುನೂರು ವರುಷದ ತಟ್ಟೆಯನ್ನು ಬಂದವರೆಲ್ಲ ತಟ್ಟಿ ನೋಡತೊಡಗಿದರೆ ಆರನೆಯ ಶತಮಾನವನ್ನು ಅದು ಕಾಣುವುದಿಲ್ಲ. ಆದರೆ ಫಾಯೆನ್ಜಾದವರು ಅಷ್ಟಕ್ಕೇ ತೃಪ್ತರಾಗಲಿಲ್ಲ. ೨೦೦೮ರಿಂದ ಅವರು ಅರ್ಜಿಲ್ಲಾ ಎಂಬ ಹೆಸರಿನಿಂದ ಎರಡು ವರುಷಗಳಿಗೊಮ್ಮೆ ಮಡಕೆಯ ಮಹೋತ್ಸವವನ್ನು ನಡೆಸುತ್ತಿದ್ದಾರೆ. ಹಲವು ದೇಶಗಳ ಕುಂಬಾರರು ಬಂದು ಹಳೆಯ ಚೌಕಗಳಲ್ಲಿ ಅಂಗಡಿ ಹರಡುತ್ತಾರೆ. ಬೆಳಗ್ಗೆ ಸಂಗ್ರಹಾಲಯದಲ್ಲಿ ಗಾಜಿನ ಹಿಂದೆ ಕಂಡುದನ್ನು ಸಂಜೆ ಬೀದಿಯಲ್ಲಿ ಕೈಯಿಂದ ಮುಟ್ಟಿ ತಿಳಿದುಕೊಳ್ಳಬಹುದು. ನೋಡುವ ಮಡಕೆಯೂ ಹಿಡಿಯುವ ಮಡಕೆಯೂ ಒಂದೇ ಮಣ್ಣಿನ ಮಕ್ಕಳೆಂಬುದು ಅಲ್ಲಿ ಮಾತಿಲ್ಲದೆ ಮನದಟ್ಟಾಗುತ್ತದೆ.

ನಮ್ಮ ದೇಶದಲ್ಲಿಯೂ ಈ ಎರಡು ದಾರಿಗಳಿವೆ. ಜಪಾನಿನ ಸಂಪರ್ಕವು ನಮಗೆ ಬಹಳ ಹಿಂದೆಯೇ ಒದಗಿತ್ತು. ೧೯೨೦ರ ಸುಮಾರಿನಲ್ಲಿ ಜಪಾನಿಗೆ ಹೋಗಿ ಕುಂಬಾರಿಕೆಯನ್ನು ಕಲಿತ ಸರದಾರ್ ಗುರುಚರಣಸಿಂಗರಿಗೆ ಯಾನಾಗಿ, ಹಮಾದಾ, ಲೀಚ್ ಇವರ ಪರಿಚಯವಾಗಿತ್ತು. ೧೯೫೨ರಲ್ಲಿ ಅವರು ದೆಹಲಿಯಲ್ಲಿ ತಮ್ಮ ಕಾರ್ಯಾಗಾರವನ್ನು ತೆರೆದರು. ೧೯೭೧ರಲ್ಲಿ ಅಮೆರಿಕದಿಂದ ಬಂದ ರೇ ಮೀಕರ್ ಮತ್ತು ಡೆಬೊರಾ ಸ್ಮಿತ್ ಎಂಬವರು ಪುದುಚೇರಿಯಲ್ಲಿ ಗೋಲ್ಡನ್ ಬ್ರಿಡ್ಜ್ ಎಂಬ ಕುಂಬಾರಶಾಲೆಯನ್ನು ಸ್ಥಾಪಿಸಿ ಅನೇಕ ಶಿಷ್ಯರನ್ನು ತಯಾರುಮಾಡಿದರು. ಇಂಥ ಪರಂಪರೆಯಲ್ಲಿ ಬೆಳೆದ ಕಲಾವಿದರು ಸೇರಿ ೨೦೧೮ರಲ್ಲಿ ಜಯಪುರದ ಜವಾಹರ ಕಲಾಕೇಂದ್ರದಲ್ಲಿ ಮೂರು ವರುಷಗಳಿಗೊಮ್ಮೆ ನಡೆಯತಕ್ಕ ಮೃತ್ಕಲಾಪ್ರದರ್ಶನದ ಮೊದಲನೆಯ ಆವೃತ್ತಿಯನ್ನು ನಡೆಸಿದರು. ಎರಡನೆಯದು ೨೦೨೪ರಲ್ಲಿ ದೆಹಲಿಯಲ್ಲಿ ನಡೆಯಿತು. ಅಲ್ಲಿ ಮಣ್ಣು ಗೋಡೆಯಾಗಿ, ಕಂಬವಾಗಿ, ಹುಡಿಯಾಗಿ, ಚೂರಾಗಿ ನಾನಾ ರೂಪಗಳನ್ನು ತಾಳಿ ನಮ್ಮನ್ನು ವಿಚಾರಕ್ಕೆ ಹಚ್ಚುತ್ತದೆ. ನೋಡತಕ್ಕ ಪ್ರದರ್ಶನಗಳೇ ಸರಿ.

ಆದರೆ ಇಂಥ ಉತ್ಸವಕ್ಕೆ ಹೋಗುವವರು ಬೇರೆ, ಹಳ್ಳಿಯ ಸಂತೆಯಲ್ಲಿ ಕುಂಬಾರನ ಮುಂದೆ ನಿಲ್ಲುವವರು ಬೇರೆ ಎಂಬಂತಾಗಿದೆ. ಜಪಾನಿನ ಒಂದೇ ಬೀದಿಯಲ್ಲಿ ಸೇರುವ ಎರಡು ಸಭೆಗಳು ನಮ್ಮಲ್ಲಿ ಪರಸ್ಪರ ಮುಖ ನೋಡದೆ ಇವೆ. ನಮ್ಮ ಜಾತ್ರೆಯ ಸಾಲಿನಲ್ಲಿ ಕುಂಬಾರನ ಸ್ಥಳವನ್ನು ಸ್ಟೀಲು, ಪ್ಲಾಸ್ಟಿಕ್ಕುಗಳು ಆಕ್ರಮಿಸಿವೆ; ಅವನಿಗೆ ಉಳಿದಿರುವುದು ದೀಪಾವಳಿಯ ಹಣತೆ, ಬೇಸಗೆಯ ನೀರಿನ ಹರವಿ, ಮದುವೆಯ ಕುಂಭ ಇಷ್ಟೆ. ನಮ್ಮ ಸಾಹಿತ್ಯದಲ್ಲಿ ಅವನಿಗೆ ಗೌರವದ ಪೀಠವಿದೆ. ಮಡಕೆಯನ್ನು ತಟ್ಟಿ ಬಾರಿಸಿ ಶಿವನನ್ನೇ ಕುಣಿಸಿದ ಕುಂಬಾರ ಗುಂಡಯ್ಯನ ಮೇಲೆ ಹರಿಹರನು ರಗಳೆಯನ್ನು ರಚಿಸಿದ್ದಾನೆ. ಮದುವೆಯ ಮನೆಗೆ ಕುಂಬಾರನ ಮನೆಯಿಂದ ಚಿತ್ರ ಬರೆದ ಗಡಿಗೆಗಳನ್ನು ವಾದ್ಯಸಮೇತವಾಗಿ ತರುವ ಸಂಪ್ರದಾಯವೂ ಇದೆ. ಕಥೆಯಲ್ಲಿ, ಶಾಸ್ತ್ರದಲ್ಲಿ ಕೊಟ್ಟ ಗೌರವವನ್ನು ನಿತ್ಯದ ಅಡುಗೆಮನೆಯಲ್ಲಿ ನಾವು ಕೊಡುತ್ತಿದ್ದೇವೆಯೆ? ಇದೇ ನಮ್ಮ ಮುಂದಿರುವ ಪ್ರಶ್ನೆ.

ಸರ್ಕಾರದ ಆಜ್ಞೆಯಿಂದ ಈ ಕೆಲಸವಾಗಲಾರದೆ ಎಂದು ಕೇಳಬಹುದು. ೨೦೦೪ರಲ್ಲಿ ರೈಲ್ವೆ ನಿಲ್ದಾಣಗಳಲ್ಲಿ ಚಹವನ್ನು ಮಣ್ಣಿನ ಕುಡಿಕೆಯಲ್ಲಿಯೇ ಕೊಡಬೇಕೆಂದು ಅಂದಿನ ಮಂತ್ರಿಗಳು ಆಜ್ಞೆ ಮಾಡಿದರು. ಉದ್ದೇಶ ಒಳ್ಳೆಯದು. ಆದರೂ ಕೆಲವು ವರುಷಗಳಲ್ಲಿ ಕಾಗದದ ಲೋಟಗಳೂ ಪ್ಲಾಸ್ಟಿಕ್ ಲೋಟಗಳೂ ಮತ್ತೆ ತಲೆಯೆತ್ತಿದುವು. ಕುಡಿಯುವವನು ಆ ಕುಡಿಕೆಯನ್ನು ತಾನಾಗಿ ಆರಿಸಿಕೊಂಡಿರಲಿಲ್ಲ. ಅದು ಬಂದಾಗ ಹಿಡಿದನು, ಹೋದಾಗ ಬಿಟ್ಟನು. ತಾನೇ ತಟ್ಟಿ, ತೂಗಿ, ಚೌಕಾಸಿ ಮಾಡಿ ಕೊಂಡುತಂದ ಮಡಕೆಯನ್ನು ಯಾರೂ ಅಷ್ಟು ಸುಲಭವಾಗಿ ಬಿಡುವುದಿಲ್ಲ.

ಆದಕಾರಣ ಮಡಕೆಯ ಸಂತೆಗೆ ಹೋಗುವವರಿಗೆ ನಾಲ್ಕು ಮಾತುಗಳನ್ನು ಹೇಳಲು ಅಪ್ಪಣೆ ಬೇಡುತ್ತೇವೆ. ಮೊದಲನೆಯದಾಗಿ, ಕೊಳ್ಳುವ ಮುನ್ನ ಸಂತೆಯನ್ನು ಒಂದು ಸಲ ಪೂರ್ತಿಯಾಗಿ ಸುತ್ತಬೇಕು. ಮೊದಲ ಅಂಗಡಿಯಲ್ಲಿಯೇ ಚೀಲ ತುಂಬಿಕೊಂಡವರಿಗೆ ಕೊನೆಯ ಅಂಗಡಿ ಕಾಣುವುದೇ ಇಲ್ಲ. ಎರಡನೆಯದಾಗಿ, ಕುಂಬಾರನ ಅನುಮತಿಯನ್ನು ಪಡೆದು ಮಡಕೆಯನ್ನು ಎರಡು ಕೈಗಳಿಂದ ಎತ್ತಬೇಕು. ಹಿಡಿಯಿಂದಾಗಲಿ ಮುಚ್ಚಳದಿಂದಾಗಲಿ ಎತ್ತಬಾರದು. ಅಂಚು ತುಟಿಗೆ ಹಿತವಾಗಿದೆಯೆ, ಅಡಿ ನೆಲದ ಮೇಲೆ ಅಲುಗಾಡದೆ ಕೂರುತ್ತದೆಯೆ, ಬುಡದಲ್ಲಿ ಮೆರುಗಿಲ್ಲದ ಭಾಗ ಕೈಗೆ ತರಚುತ್ತದೆಯೆ, ಗಿಂಡಿಯ ಮೂತಿಯಿಂದ ನೀರು ಸೋರದೆ ಧಾರೆಯಾಗಿ ಬೀಳುವಂತಿದೆಯೆ, ಇವನ್ನು ನೋಡಬೇಕು. ಮೂರನೆಯದಾಗಿ, ಕೇಳಲು ಸಂಕೋಚಪಡಬಾರದು. ಮೆರುಗಿನಲ್ಲಿ ಸೀಸ ಬೆರೆತಿದೆಯೆ ಎಂದು ತಪ್ಪದೆ ಕೇಳಬೇಕು. ಸೀಸದ ಮೆರುಗಿನ ಪಾತ್ರೆಯಲ್ಲಿ ಹುಣಿಸೆಹುಳಿಯನ್ನಾಗಲಿ ಉಪ್ಪಿನಕಾಯಿಯನ್ನಾಗಲಿ ಇಟ್ಟರೆ ವಿಷವು ಆಹಾರಕ್ಕೆ ಇಳಿಯುತ್ತದೆ. ಹೊಸ ಪಾತ್ರೆಯನ್ನು ಹೇಗೆ ಪಳಗಿಸಬೇಕೆಂದೂ ಕೇಳಬೇಕು. ನಮ್ಮ ಅಜ್ಜಿಯರು ಹೊಸ ಮಡಕೆಯಲ್ಲಿ ಗಂಜಿ ಕಾಯಿಸುತ್ತಿದ್ದರು. ಜಪಾನಿನ ಗೃಹಿಣಿಯರು ಹೊಸ ಮಣ್ಣಿನ ಪಾತ್ರೆಯಲ್ಲಿ ಅಕ್ಕಿ ತೊಳೆದ ನೀರನ್ನು ಕುದಿಸುತ್ತಾರೆ. ಅಕ್ಕಿಯ ಹಿಟ್ಟಿನಂಶವು ಮಣ್ಣಿನ ಸಣ್ಣ ರಂಧ್ರಗಳನ್ನು ಮುಚ್ಚುತ್ತದೆಯೆಂಬುದನ್ನು ಎರಡು ದೇಶದ ಹೆಂಗಸರೂ ಯಾವ ಶಾಸ್ತ್ರಜ್ಞನನ್ನೂ ಕೇಳದೆ ಕಂಡುಕೊಂಡರು.

ನಾಲ್ಕನೆಯ ಮಾತೇ ಮುಖ್ಯವಾದುದು. ಕೊಂಡ ಮಡಕೆಯನ್ನು ಬೀರುವಿನಲ್ಲಿಡದೆ ಬಳಸಬೇಕು. ಮುಂದಿನ ವರುಷ ಅದೇ ಕುಂಬಾರನ ಬಳಿಗೆ ಹೋಗಿ ಅದು ಹೇಗೆ ನಡೆಯಿತೆಂದು ಹೇಳಬೇಕು. ಹಿಡಿ ಕಿತ್ತುಬಂದಿದ್ದರೆ ಅದನ್ನೂ, ಮೊಸರು ಸೊಗಸಾಗಿ ಹೆಪ್ಪುಗಟ್ಟಿದ್ದರೆ ಅದನ್ನೂ ಹೇಳಬೇಕು. ಮಾಷಿಕೋವಿನ ಸಂತೆಗೆ ವರುಷವರುಷವೂ ಬರುವವರಿಂದ ಅಲ್ಲಿಯ ಕುಂಬಾರರು ಪಡೆಯುವ ಲಾಭವು ಹಣವೊಂದೇ ಅಲ್ಲ. ಈ ಮಾತೂ ಅವರ ಗಳಿಕೆಯೇ. ನಮ್ಮ ಕುಂಬಾರನಿಗೆ ಯಾರೂ ಈ ಮಾತನ್ನು ಬಂದು ಹೇಳುತ್ತಿಲ್ಲವಾದುದರಿಂದ, ಅಜ್ಜನು ಮಾಡಿದ ಆಕಾರವನ್ನೇ ಮೊಮ್ಮಗನೂ ಮಾಡುತ್ತ, ಅದು ಇಂದಿನ ಒಲೆಗೆ ಹೊಂದುತ್ತದೆಯೋ ಇಲ್ಲವೋ ತಿಳಿಯದೆ, ಕೊನೆಗೆ ತಿಗರಿಯನ್ನು ಮೂಲೆಗೊರಗಿಸಿ ಕೂಲಿಗೆ ಹೋಗುತ್ತಾನೆ.

ಪ್ರದರ್ಶನಗಳು ನಡೆಯಲಿ, ಕಲಾವಿದರು ಕೀರ್ತಿವಂತರಾಗಲಿ. ಆದರೆ ಅಂಥ ಉತ್ಸವವನ್ನು ಏರ್ಪಡಿಸುವವರು ಅದರ ಬಾಗಿಲಲ್ಲಿಯೇ ಹತ್ತು ಮಂದಿ ಹಳ್ಳಿಯ ಕುಂಬಾರರಿಗೆ ನೆರಳಿನಲ್ಲಿ ಸ್ಥಳ ಕೊಡಲಿ ಎಂದು ನಮ್ಮ ಪ್ರಾರ್ಥನೆ. ಒಳಗೆ ನೋಡಿ ಬಂದವರು ಹೊರಗೆ ತಟ್ಟಿ ಕೊಳ್ಳುವಂತಾಗಲಿ. ನಮ್ಮ ಪೇಟೆಗಳಲ್ಲಿ, ಜಾತ್ರೆಗಳಲ್ಲಿ ಮಡಕೆಯ ಸಾಲು ಮತ್ತೆ ಬೆಳೆಯುವುದಾದರೆ ಅದು ಬೆಳೆಯುವುದು ಹೀಗೆಯೇ, ಒಬ್ಬೊಬ್ಬರಾಗಿ ಎದುರಿಗೆ ನಿಂತು ಬೆರಳ ಗೆಣ್ಣು ಮಡಿಸಿದಾಗ. ಈ ಬೇಸಗೆಯಲ್ಲಿ ನೀರಿನ ಹರವಿಯೊಂದನ್ನು ಕೊಳ್ಳುವುದರಿಂದ ಶ್ರೋತೃಗಳು ಪ್ರಾರಂಭಮಾಡಬಹುದು.